ಸಿಬ್ಬಂದಿಗೆ ಮಾತ್ರ ಕಾಣುವ ವರದಿ

ನೀರು ಸರಬರಾಜು ಕಚೇರಿಯ ಜಾಲತಾಣದಲ್ಲಿ ಯಾವ ಪುಟ ಯಾರ ಕಣ್ಣಿಗೆ ಬೀಳಬೇಕೆಂದು ಗುರುತು ಹಾಕುವುದೇ ಅವಳ ಕೆಲಸ. ಜೊತೆಯವರು ‘ಪರದೆಯಕ್ಕ’ ಎಂದು ರೇಗಿಸುತ್ತಿದ್ದರು. ನಲ್ಲಿನೀರಿನಲ್ಲಿ ಸೀಸ ಬೆರೆತಿದೆಯೆಂಬ ವರದಿ ಸಿಬ್ಬಂದಿಗೆ ಮಾತ್ರ ಕಾಣಬೇಕು, ಸಾರ್ವಜನಿಕರಿಗೆ ‘ನೀರು ಶುದ್ಧವಾಗಿದೆ’ ಎಂಬ ಪುಟ ಕಾಣಬೇಕು ಎಂದು ಸಾಹೇಬರು ಹೇಳಿದಾಗ, ಹನ್ನೊಂದು ವರ್ಷದ ರೂಢಿಯಂತೆ ಹಾಗೇ ಮಾಡಿದಳು.

ಸಂಜೆ ಮನೆಯಲ್ಲಿ ಬಸುರಿ ತಂಗಿ ನಲ್ಲಿನೀರಿನ ಲೋಟ ಎತ್ತುವುದನ್ನು ಕಂಡು ಅವಳು ಕೂಗಿದಳು.

“ಕುಡೀಬೇಡ್ವೇ, ಅದ್ರಲ್ಲಿ ಸೀಸ ಇದೆ!”

“ಶುದ್ಧ ಅಂತ ನಿಮ್ಮ ಆಫೀಸೇ ಹಾಕಿದೆಯಲ್ಲೇ, ಹಾಕಿದ್ದೂ ನೀನೇ!” ತಂಗಿ ನಕ್ಕಳು.

ವರದಿ ತೋರಿಸಲು ಅವಳು ಮೊಬೈಲಿನಲ್ಲಿ ಜಾಲತಾಣವನ್ನು ತನ್ನ ಸಿಬ್ಬಂದಿ ಖಾತೆಯಿಂದ ಒಳಹೊಕ್ಕಳು. ಅಲ್ಲೂ ‘ನೀರು ಶುದ್ಧವಾಗಿದೆ’ ಎಂದೇ ಇತ್ತು. ಸಿಬ್ಬಂದಿಯ ಪಟ್ಟಿಯಿಂದ ಯಾರೋ ಅವಳನ್ನು ತೆಗೆದು ಸಾರ್ವಜನಿಕರ ಸಾಲಿಗೆ ಸೇರಿಸಿದ್ದರು.

ಅವಳು ಲೋಟದ ಬಾಯಿಗೆ ಅಂಗೈ ಅಡ್ಡ ಹಿಡಿದಳು.

“ನಿಂಗೇನಾಗಿದೆಯೇ, ಅಕ್ಕ?” ತಂಗಿಯ ನಗು ನಿಂತಿತ್ತು.