ಟೈಲರಮ್ಮ ಹೊಲಿದ ರೆಕ್ಕೆ

ಊರಂಚಿನ ಹಳೆಯ ವಿಮಾನ ಮೈದಾನಕ್ಕೆ ಟೈಲರಮ್ಮ ಮೊದಲ ಸಲ ಹೋದದ್ದು ಜಗಳವಾಡುವುದಕ್ಕೆ.

ಅಂಚೆ ಕಚೇರಿಯಿಂದ ನಿವೃತ್ತರಾದ ಮೇಲೆ ಅವರ ಗಂಡ ಬೆಳಗ್ಗೆ ಅಲ್ಲಿಗೆ ಹೋದರೆ ಊಟದ ಹೊತ್ತಿಗೂ ಮನೆಯ ನೆನಪಾಗುತ್ತಿರಲಿಲ್ಲ. ಯುದ್ಧದ ಕಾಲದಲ್ಲಿ ಸೈನಿಕರು ಹಾರಲು ಕಲಿತ ಮೈದಾನ ಅದು. ಈಗ ಅರ್ಧ ಹುಲ್ಲು, ಅರ್ಧ ಬಿರುಕುಬಿಟ್ಟ ಕಾಂಕ್ರೀಟು. ತಗಡಿನ ಶೆಡ್ಡಿನಲ್ಲಿ ಮೂರು ಮುದಿ ವಿಮಾನಗಳು. ಮನೆಯಲ್ಲಿ ತಾವು ಕುಡಿದ ಲೋಟವನ್ನು ತೊಳೆಯದ ಮನುಷ್ಯ ಅಲ್ಲಿ ನೆಲದ ಮೇಲೆ ಕೂತು, ಚಕ್ರದ ಒಂದೊಂದು ಕಡ್ಡಿಗೂ ಬಟ್ಟೆ ಸುತ್ತಿ ಉಜ್ಜುತ್ತಿದ್ದರು. ನೋಡಿ ಟೈಲರಮ್ಮನಿಗೆ ಮೈ ಉರಿಯಿತು.

"ರೀ, ಇಲ್ಲೇ ಒಂದು ಹಾಸಿಗೆ ಹಾಕ್ಕೊಂಡ್ಬಿಡಿ" ಎಂದವರು, ಮುಂದಿನ ಮಾತಿಗೆ ಉಸಿರೆಳೆದುಕೊಳ್ಳುವಾಗ ಎದುರಿಗಿದ್ದ ಹಳದಿ ವಿಮಾನವನ್ನು ನೋಡಿದರು. ಒಂದರ ಮೇಲೊಂದು ಎರಡು ರೆಕ್ಕೆಯ ತರಬೇತಿ ವಿಮಾನ. ರೆಕ್ಕೆ ತಗಡಿನದಲ್ಲ, ಮರದ ಪಕ್ಕೆಲುಬುಗಳ ಮೇಲೆ ಎಳೆದು ಬಿಗಿದ ಬಟ್ಟೆ. ಅದು ಅಲ್ಲಲ್ಲಿ ಹರಿದು, ಯಾರೋ ತೇಪೆ ಹಾಕಿದ್ದರು.

"ಇದನ್ನ ಹೊಲಿದ ಪುಣ್ಯಾತ್ಮರು ಯಾರು?"

"ನಾನೇ ಅಕ್ಕ" ಎಂದರು ಶೆಡ್ಡಿನ ಮೇಸ್ತ್ರಿ. ಜೀವಮಾನವಿಡೀ ಎಂಜಿನ್ನು ಬಿಚ್ಚಿ ಜೋಡಿಸಿದವರು.

"ಮೊದಲು ಗೋಣಿಚೀಲ ಹೊಲೀತಿದ್ರಾ?"

ಮೇಸ್ತ್ರಿ ಸಿಟ್ಟಾಗಲಿಲ್ಲ. ಒಂದು ಸ್ಟೂಲು ತಂದು ರೆಕ್ಕೆಯ ಪಕ್ಕದಲ್ಲಿ ಇಟ್ಟರು. ಜಗಳ ಅಲ್ಲಿಗೇ ನಿಂತಿತು.

ಆಮೇಲಿನ ಎರಡು ವರ್ಷ ಟೈಲರಮ್ಮನ ಬೆಳಗು ಶಾಲೆಯ ಸಮವಸ್ತ್ರಕ್ಕೆ, ಮಧ್ಯಾಹ್ನ ರೆಕ್ಕೆಗೆ. ಹಳೆಯ ಬಟ್ಟೆ ಕಿತ್ತು ಹೊಸದು ಹೊದಿಸಿ, ಮೇಲಿಂದ ಕೆಳಕ್ಕೆ ಸೂಜಿ ಇಳಿಸಿ, ಎರಡು ಬೆರಳಿಗೊಂದು ಗಂಟು ಹಾಕಬೇಕು. ಆಮೇಲೆ ಡೋಪ್ ಬಳಿಯಬೇಕು. ಉಗುರುಬಣ್ಣದಂಥ ವಾಸನೆಯ ಆ ದ್ರವ ಒಣಗುತ್ತ ಒಣಗುತ್ತ ಬಟ್ಟೆಯನ್ನು ತಮಟೆಯ ಚರ್ಮದ ಹಾಗೆ ಬಿಗಿಯುತ್ತದೆ. ಬೆರಳಲ್ಲಿ ತಟ್ಟಿದರೆ ಡಬ್ ಎನ್ನಬೇಕು. ಟೈಲರಮ್ಮ ಮನೆಯಲ್ಲಿ ದಿಂಬನ್ನೂ ತಟ್ಟಿ ನೋಡುವಂತಾದರು. ಸಂಜೆ ಹೊರಡುವ ಮುಂಚೆ ಶೆಡ್ಡಿನ ಒಂಬತ್ತು ಸೂಜಿಗಳನ್ನು ಎಣಿಸಿ, ಉಣ್ಣೆ ಬಟ್ಟೆಯ ತುಂಡಿಗೆ ಚುಚ್ಚಿ ಮನೆಗೆ ತರುವುದು ಅವರ ಪದ್ಧತಿ.

ಆ ಶೆಡ್ಡಿಗೂ ಒಂದು ನಿಯಮವಿತ್ತು. ವಿಮಾನಕ್ಕೆ ಕೈ ಹಾಕಿದವರೆಲ್ಲ ಕೆಲಸದ ಪುಸ್ತಕದಲ್ಲಿ ಸಹಿ ಮಾಡಬೇಕು. ಕೊನೆಯ ಸಹಿ ಯಾರದೋ ಅವರೇ ಮೊದಲ ಹಾರಾಟದಲ್ಲಿ ಪೈಲಟ್ಟಿನ ಹಿಂದಿನ ಸೀಟಿನಲ್ಲಿ ಕೂರಬೇಕು. "ಮಾಡಿದ ಕೆಲಸದ ಮೇಲೆ ಮಾಡಿದವರೇ ಕೂತ್ರೆ ಯಾರೂ ಅವಸರ ಮಾಡಲ್ಲ" ಎನ್ನುತ್ತಿದ್ದರು ಮೇಸ್ತ್ರಿ.

ಹನ್ನೊಂದು ವರ್ಷದಿಂದ ನೆಲ ಬಿಡದ ಹಳದಿ ವಿಮಾನ ಮತ್ತೆ ಹಾರುವ ದಿನ ಗೊತ್ತಾದಾಗ ಆ ಕೊನೆಯ ಸಹಿ ಗಂಡನದಾಗಿತ್ತು. ಸುಮ್ಮನೆ ಆದದ್ದಲ್ಲ. ಎಲ್ಲರ ಕೆಲಸ ಮುಗಿಯಲೆಂದು ಒಂದೇ ಚಕ್ರವನ್ನು ಮೂರು ವಾರ ಉಜ್ಜಿ, ಕಡೆಗೆ ಅದರ ಪಿನ್ನು ಹಾಕಿ, ಅಂಚೆ ಮೊಹರಿನಷ್ಟು ದುಂಡಗೆ ಸಹಿ ಹಾಕಿದ್ದರು. ಬೇಲಿಯಾಚೆ ನಿಂತು ವಿಮಾನ ನೋಡುತ್ತ ಬೆಳೆದವರು; ಒಂದು ಸಲವೂ ಹತ್ತಿದವರಲ್ಲ.

ಹಾರಾಟದ ದಿನ ಬೆಳಗ್ಗೆ ಗಂಡನ ಹೊಸ ಅಂಗಿಯ ಗುಂಡಿ ಕಿತ್ತು ಬಂತು. ಟೈಲರಮ್ಮ ಮನೆಯ ದಪ್ಪ ಸೂಜಿ ಹುಡುಕಿದರು. ಡಬ್ಬಿಯಲ್ಲಿ ಇಲ್ಲ. ಶೆಡ್ಡಿನ ಸೂಜಿಯನ್ನಾದರೂ ತೆಗೆಯೋಣವೆಂದು ಉಣ್ಣೆಯ ತುಂಡು ಬಿಡಿಸಿದರೆ ಮನೆಯ ಸೂಜಿ ಅಲ್ಲೇ ಇತ್ತು, ಕಣ್ಣಲ್ಲಿ ಸಮವಸ್ತ್ರದ ನೀಲಿ ದಾರದ ಸಮೇತ; ಯಾವಾಗಲೋ ಮರೆತು ಅಲ್ಲೇ ಚುಚ್ಚಿಬಿಟ್ಟಿದ್ದರು. ಎಣಿಸಿದರು. ಮನೆಯದೂ ಸೇರಿ ಒಂಬತ್ತು. ರೆಕ್ಕೆಯ ಕೊನೆಯ ಹೊಲಿಗೆ ಮುಗಿದ ಸಂಜೆ, ಮಬ್ಬು ಬೆಳಕಿನಲ್ಲಿ ಬೆರಳಿಂದ ಮುಟ್ಟಿ ಎಣಿಸಿದ್ದರು. ಲೆಕ್ಕ ಸರಿ ಬಂದಿತ್ತು. ಅಂದರೆ ಶೆಡ್ಡಿನ ಒಂದು ಸೂಜಿ ರೆಕ್ಕೆಯ ಒಳಗೆ ಉಳಿದಿದೆ. ರೆಕ್ಕೆಯೊಳಗೆ ವಿಮಾನವನ್ನು ವಾಲಿಸುವ ತಂತಿಗಳು ರಾಟೆಯ ಮೇಲೆ ಓಡುತ್ತವೆ; ನಡುವೆ ಸೂಜಿ ಸಿಕ್ಕಿಕೊಂಡರೆ ವಾಲಿದ ವಿಮಾನ ನೆಟ್ಟಗಾಗುವುದಿಲ್ಲ.

ಬಾಗಿಲಲ್ಲಿ ಗಂಡ ತಲೆ ಬಾಚಿಕೊಂಡು ನಿಂತಿದ್ದರು.

ಟೈಲರಮ್ಮ ಹೇಳಿಬಿಟ್ಟರು. ಗಂಡ ಬಾಚಣಿಗೆಯನ್ನು ಕಿಟಕಿಯ ಮೇಲಿಟ್ಟರು.

"ಹಾಗಾದ್ರೆ ಬಿಚ್ಚಿ ಹೊಲೀಬೇಕು."

"ಹೂಂ ರೀ."

"ಕೊನೆ ಸಹಿ ನಿಂದಾಗತ್ತೆ."

"ಬೆಂಚು ಹತ್ತಿದ್ರೇ ನನಗೆ ಕಾಲು ನಡುಗತ್ತೆ. ಮೇಸ್ತ್ರಿಗೆ ಹೇಳ್ತೀನಿ, ಬಿಟ್ಟುಕೊಡ್ತೀನಿ ಅಂತ."

"ಬೇಡ. ನಿಯಮ ಅಂದ್ರೆ ನಿಯಮ." ಅಂಗಿಯನ್ನು ಆಕೆಯ ಕಡೆ ಚಾಚಿದರು. "ಗುಂಡಿ ಹಾಕಿಕೊಡು. ಕೆಳಗೆ ನಿಂತು ನೋಡೋರಿಗೂ ಗುಂಡಿ ಬೇಕಲ್ಲ."

ಮೈದಾನದಲ್ಲಿ ನೋಡುವವರಿಗೆಂದು ಕಟ್ಟಿದ ಹಗ್ಗದುದ್ದಕ್ಕೂ ಜನ. ಅಪ್ಪಂದಿರ ಹೆಗಲ ಮೇಲೆ ಮಕ್ಕಳು. ಮೇಸ್ತ್ರಿ ಮೈಕು ಹಿಡಿದು, ಹಳದಿ ವಿಮಾನದ ರೆಕ್ಕೆಯಲ್ಲಿ ಒಂದು ಸೂಜಿ ಉಳಿದಿದೆ, ಸಂಜೆ ನಾಲ್ಕಕ್ಕೆ ಹಾರುತ್ತದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಗುಂಪಿನಿಂದ ಒಬ್ಬ ಕೂಗಿದ: "ಟೈಲರಮ್ಮ, ನನ್ನ ಪ್ಯಾಂಟೂ ಒಂದು ವರ್ಷದಿಂದ ಸಂಜೆ ನಾಲ್ಕಕ್ಕೇ ಕೊಡ್ತೀನಿ ಅಂತಿದ್ದೀರಿ!"

ಮೈದಾನಕ್ಕೆ ಮೈದಾನವೇ ನಕ್ಕಿತು. ಟೈಲರಮ್ಮನಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಶೆಡ್ಡಿನೊಳಗೆ ಹೋದರು.

ಹೊರಗೆ ಉಳಿದೆರಡು ವಿಮಾನಗಳು ಜನರನ್ನು ರಂಜಿಸಿದವು. ದಪ್ಪ ಹೊಟ್ಟೆಯದು, ಒಂದು ಕಾಲದಲ್ಲಿ ಸೈನ್ಯದ ಸಾಮಾನು ಹೊತ್ತದ್ದು, ಮದುವೆ ಮನೆಯ ಹಿರಿಯಳಂತೆ ನಿಧಾನವಾಗಿ ಸುತ್ತಿತು. ಒಂಟಿ ಸೀಟಿನ ಯುದ್ಧವಿಮಾನ ಶೆಡ್ಡಿನ ತಗಡು ಗಡಗಡಿಸುವ ಹಾಗೆ ಮೇಲೆ ಹಾದುಹೋಯಿತು. ಒಳಗೆ ಮೇಸ್ತ್ರಿ ರೆಕ್ಕೆಯ ತುದಿ ಹಿಡಿದು ಮೆಲ್ಲಗೆ ಅಲುಗಿಸಿದರು. ಟೈಲರಮ್ಮ ಬಟ್ಟೆಗೆ ಕಿವಿಯೊಡ್ಡಿದರು. ಎಲ್ಲೋ ಟಿಕ್ ಎಂದಿತು. ತಾವೇ ಹಾಕಿದ ಹೊಲಿಗೆಯನ್ನು ಒಂದು ಗೇಣು ಬಿಚ್ಚಿ, ಕನ್ನಡಿ ಹಿಡಿದು ಕೈ ಒಳಗೆ ಬಿಟ್ಟರು. ರಾಟೆಗೆ ಒಂದು ಬೆರಳಿನಷ್ಟು ದೂರದಲ್ಲಿ ಸೂಜಿ ಒರಗಿ ಮಲಗಿತ್ತು.

"ಸಿಕ್ತು" ಎಂದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಗಂಡ. ತಟ್ಟಿ, ಎಣ್ಣೆ ಒರೆಸುವ ಬಟ್ಟೆ ಹುಡುಕಿಕೊಂಡು ಮೂಲೆಗೆ ಹೋದರು. ಒರೆಸಲು ಅಲ್ಲಿ ಏನೂ ಉಳಿದಿರಲಿಲ್ಲ.

ಟೈಲರಮ್ಮ ಮತ್ತೆ ಹೊಲಿದು, ಮೇಲೊಂದು ಪಟ್ಟಿ ಕೂರಿಸಿ, ಪುಸ್ತಕದಲ್ಲಿ ಸಹಿ ಹಾಕಿದರು. ಮೇಸ್ತ್ರಿ ಡೋಪ್ ಡಬ್ಬಿ ಮುಂದಿಟ್ಟರು.

"ಇದು ನನ್ನ ಕೈಲಾಗಲ್ಲ ಅಣ್ಣ" ಎಂದರು ಟೈಲರಮ್ಮ. "ವಾಸನೆಗೆ ತಲೆ ಸುತ್ತತ್ತೆ."

ಎರಡು ವರ್ಷ ಆ ವಾಸನೆಯಲ್ಲೇ ಊಟದ ಡಬ್ಬಿ ಬಿಚ್ಚಿದ ಹೆಂಗಸು! ಮೇಸ್ತ್ರಿ ಆಕೆಯ ಮುಖ ನೋಡಿದರು, ಮೂಲೆಯ ಕಡೆ ನೋಡಿದರು.

"ಹೌದೌದು, ಅಕ್ಕಂಗೆ ಮೊದಲಿಂದ್ಲೂ ಆಗಲ್ಲ. ಪೋಸ್ಟ್ ಮಾಸ್ಟ್ರೇ, ಬನ್ನಿ ಇಲ್ಲಿ. ನಾನು ಪಕ್ಕದಲ್ಲೇ ನಿಂತಿರ್ತೀನಿ. ತೆಳ್ಳಗೆ ಬಳೀಬೇಕು."

ಗಂಡ ಮೊದಲ ಲೇಪ ಬಳಿದರು. ಒಣಗಿತು. ಎರಡನೆಯ ಲೇಪದ ನಡುವೆ ಬ್ರಷ್ ನಿಂತಿತು.

"ಲೇ, ನಿನಗೆ ವಾಸನೆ ಆಗದೆ ಇರೋದು ಯಾವಾಗಿಂದ?"

"ಬಾಯ್ಮುಚ್ಚಿ ಬಳೀರಿ. ಹನಿ ಬೀಳ್ತಿದೆ."

ನಾಲ್ಕೂ ಲೇಪ ಒಣಗಿದ ಮೇಲೆ ಮೇಸ್ತ್ರಿ ಬೆರಳಲ್ಲಿ ತಟ್ಟಿದರು. ಡಬ್. ಟೈಲರಮ್ಮನ ಸಹಿಯ ಕೆಳಗೆ ಗಂಡ ಸಹಿ ಹಾಕಿದರು. ಈ ಸಲ ಅದು ದುಂಡಗೆ ಬರಲಿಲ್ಲ.

ನಾಲ್ಕು ಗಂಟೆಗೆ ಹಳದಿ ವಿಮಾನ ಕೆಮ್ಮಿತು, ಹೊಗೆಯುಗುಳಿತು, ಹುಲ್ಲಿನ ಮೇಲೆ ಕುಪ್ಪಳಿಸುತ್ತ ಓಡಿತು. ಟೈಲರಮ್ಮ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಚಕ್ರ ನೆಲ ಬಿಟ್ಟಿತು. ಬಿಸಿಲು ರೆಕ್ಕೆಯೊಳಗೆ ಇಳಿದು, ಬಟ್ಟೆಯ ಮೂಲಕ ಪಕ್ಕೆಲುಬುಗಳೆಲ್ಲ ಎಲೆಯ ನರಗಳಂತೆ ಕಂಡವು. ಇಷ್ಟು ದಿನ ಸ್ಟೂಲಿನ ಮೇಲೆ ಕೂತು ಬಗ್ಗಿ ನೋಡಿದ ಕೆಲಸವನ್ನು ಟೈಲರಮ್ಮ ಕತ್ತೆತ್ತಿ ನೋಡುತ್ತಿದ್ದರು. ಹೊಲಿಗೆ ಕಾಣುವಷ್ಟು ಹತ್ತಿರದಲ್ಲಿರಲಿಲ್ಲ ಅದು. ಆದರೂ ಅವರ ಬೆರಳುಗಳು ಹಗ್ಗದ ಮೇಲೆ ಗಂಟು ಹಾಕುವ ಹಾಗೆ ಆಡುತ್ತಿದ್ದವು. ವಿಮಾನ ಊರಿನ ಮೇಲೆ ಒಂದು ಸುತ್ತು ಬಂದು, ಜನರ ತಲೆಯ ಮೇಲೆ ವಾಲಿತು. ಹಿಂದಿನ ಸೀಟಿನಿಂದ ಒಂದು ಕೈ ಹೊರಬಂದು ಬೀಸಿತು, ಯಾರಿಗೆಂದಿಲ್ಲದೆ, ಎಲ್ಲರಿಗೂ. ಟೈಲರಮ್ಮ ಅಕ್ಕಪಕ್ಕದವರನ್ನೂ ಮರೆತು ಮಕ್ಕಳ ಹಾಗೆ ಕೂಗಿದರು.

ಇಳಿದು ಬಂದಾಗ ಗಂಡನ ಕೂದಲು ಕೋಳಿಜುಟ್ಟಾಗಿತ್ತು. ಯಾವ ವಿಮಾನಕ್ಕೆ ಎಷ್ಟು ರೆಕ್ಕೆ, ಎಷ್ಟು ವೇಗ ಎಂದು ಜೀವಮಾನವಿಡೀ ಊರಿಗೆಲ್ಲ ಪಾಠ ಹೇಳಿದ ಮನುಷ್ಯ ಅದಾವುದನ್ನೂ ಎತ್ತಲಿಲ್ಲ. ನೇರವಾಗಿ ಹೆಂಡತಿಯ ಬಳಿ ಬಂದರು.

"ನಮ್ಮನೆ ತಾರಸಿ ಕಾಣಿಸ್ತು ಕಣೇ. ಬೆಳಗ್ಗೆ ಒಣಹಾಕಿದ ಬಟ್ಟೆ ಇನ್ನೂ ತಂತಿ ಮೇಲೇ ಇದೆ."

"ಇಡೀ ಊರು ಕಾಣಿಸೋವಾಗ ನಿಮ್ಮ ಕಣ್ಣಿಗೆ ಅದೇ ಬಿತ್ತಾ?"

"ಬೀಳೋದೇನು," ಎಂದರು ಗಂಡ, "ಹತ್ತಿದಾಗಿಂದ ಅದನ್ನೇ ಹುಡುಕ್ತಿದ್ದೆ."