ಅಡುಗೆಕಟ್ಟೆಯ ಬಿರುಕೂ ರೇಖಾಳ ಅಡ್ವಾನ್ಸೂ

"ಅಡ್ವಾನ್ಸಲ್ಲಿ ಎಂಟು ಸಾವಿರ ಹಿಡ್ಕೋತೀನಿ" ಎಂದಾಗ ರೇಖಾಳ ಮುಖ ಸಣ್ಣಗಾಯಿತು. ಹಾಗೆಂದವಳು ಬೇರೆ ಯಾರೂ ಅಲ್ಲ, ನಾನೇ.

ಭದ್ರಾವತಿಯಲ್ಲಿ ನಮ್ಮದೊಂದು ಪುಟ್ಟ ಮನೆಯಿದೆ. ನಾವಿರುವುದು ಶಿವಮೊಗ್ಗದಲ್ಲಿ. ಎರಡು ವರ್ಷದಿಂದ ಅಲ್ಲಿ ಬಾಡಿಗೆಗಿದ್ದ ರೇಖಾ, ಗಂಡನಿಗೆ ಶಿವಮೊಗ್ಗದಲ್ಲಿ ಕೆಲಸ ಸಿಕ್ಕಿದ್ದರಿಂದ ಅಲ್ಲೇ ಹತ್ತಿರದ ಮಲವಗೊಪ್ಪದಲ್ಲಿ ಮನೆ ನೋಡಿದ್ದಳು. ಕಳೆದ ಭಾನುವಾರ ಬೀಗದ ಕೈ ತೆಗೆದುಕೊಳ್ಳಲು ಹೋದೆ. ಸಾಮಾನೆಲ್ಲ ಆಗಲೇ ಗೂಡ್ಸ್ ಆಟೋ ಏರಿತ್ತು. ನಾನು ವಾಪಸ್ ಕೊಡುವ ಅಡ್ವಾನ್ಸನ್ನೇ ಅವಳು ಹೊಸ ಓನರ್‌ಗೆ ಕೊಡಬೇಕಿತ್ತು. (ಬಾಡಿಗೆಯವರು ಮಾಡುವುದೇ ಹೀಗೆ. ಇಲ್ಲಿಂದ ತೆಗೆದು ಅಲ್ಲಿ ಕಟ್ಟುವುದು.)

ಖಾಲಿ ಮನೆ ಸುತ್ತಿ ನೋಡಿದೆ. ಅಡುಗೆಕಟ್ಟೆಯ ಗ್ರಾನೈಟ್ ಮೇಲೆ, ಒಲೆ ಇಡುತ್ತಿದ್ದ ಜಾಗದ ಪಕ್ಕದಲ್ಲೇ, ಗೇಣುದ್ದದ ಬಿರುಕು!

"ಇದರ ಮೇಲೆ ತೆಂಗಿನಕಾಯಿ ಒಡೆದಿದ್ದೀಯ" ಎಂದೆ.

"ಇಲ್ಲ ಆಂಟಿ, ನಾವು ಬಂದಾಗ್ಲೇ ಇತ್ತು."

"ನಾನು ಕೊಟ್ಟಾಗ ಸರಿಯಾಗೇ ಇತ್ತು ಮಾರಾಯ್ತಿ!"

ಆಮೇಲೆಯೇ ಆ ಎಂಟು ಸಾವಿರದ ಮಾತು ಬಂದದ್ದು. ಹೊರಗೆ ಆಟೋದವನು ಹಾರ್ನ್ ಹೊಡೆಯುತ್ತಿದ್ದ. "ಅಷ್ಟು ಕಮ್ಮಿಯಾದ್ರೆ ಅವ್ರು ಬೀಗದ ಕೈ ಕೊಡಲ್ಲ ಆಂಟಿ. ಸಾಮಾನು ಎಲ್ಲಿ ಇಳಿಸ್ಲಿ?" ಎಂದಳು ರೇಖಾ. ನಾನು ಜಗ್ಗಲಿಲ್ಲ.

ಅವಳು ಮೊಬೈಲ್ ತೆಗೆದು ಹಳೆಯ ಫೋಟೊ ಹುಡುಕತೊಡಗಿದಳು. ಈ ಮನೆಗೆ ಬಂದ ದಿನದವು ರಾಶಿ ಇದ್ದವು. ಬಾಗಿಲ ತೋರಣ, ಹೊಸ ಸೀರೆ, ಸೆಲ್ಫಿ. ಗೋಡೆಯದ್ದು, ನಲ್ಲಿಯದ್ದು ಒಂದೂ ಇಲ್ಲ. (ನೀವಾದರೂ ತೆಗೆದಿದ್ದೀರಾ?) ಕೊನೆಗೆ ಹಾಲು ಉಕ್ಕಿಸಿದ ವಿಡಿಯೋ ಸಿಕ್ಕಿತು. ಹಾಲು ಉಕ್ಕಿ ಒಲೆಯಿಂದ ಕಟ್ಟೆಗೆ ಇಳಿಯಿತು. ಬಿರುಕಿನ ಉದ್ದಕ್ಕೂ ಬೆಳ್ಳಗೆ ಗೆರೆ ಎಳೆದ ಹಾಗೆ ನಿಂತಿತು. "ಪೂರ್ವಕ್ಕೆ ಉಕ್ತು, ಒಳ್ಳೇದಾಗುತ್ತೆ" ಎನ್ನುತ್ತ ಬಟ್ಟೆ ಹಿಡಿದು ಅದನ್ನು ಒರೆಸುತ್ತಿದ್ದವಳು ನಾನೇ!

ಬೇಕೆಂದು ಸುಳ್ಳು ಹೇಳಿರಲಿಲ್ಲ. ಮರೆತಿದ್ದೆ. ಆದರೆ ನನ್ನ ಮರೆವಿಗೆ ಅವಳು ದಂಡ ಕಟ್ಟಬೇಕಾಗುತ್ತಿತ್ತಲ್ಲ! ನಾಚಿಕೆಯಾಯಿತು. ಪೂರ್ತಿ ಹಣ ಕೊಟ್ಟೆ. "ಬಿಡಿ ಆಂಟಿ, ಎರಡು ವರ್ಷದ್ದು ಯಾರಿಗೆ ನೆನಪಿರುತ್ತೆ" ಎಂದು ನನ್ನನ್ನೇ ಸಮಾಧಾನ ಮಾಡಿ ರೇಖಾ ಆಟೋ ಹತ್ತಿದಳು.

ಮನೆ ಬಾಡಿಗೆಗೆ ಕೊಟ್ಟು ಬೀಗದ ಕೈ ಒಪ್ಪಿಸುವ ದಿನವೇ ಓನರೂ ಬಾಡಿಗೆಯವರೂ ಒಟ್ಟಿಗೆ ಮನೆ ಸುತ್ತಿ. ಸೋರುವ ನಲ್ಲಿ, ಸಡಿಲ ಚಿಲಕ, ಎಲ್ಲದರ ಫೋಟೊ ತೆಗೆದು ಇಬ್ಬರ ವಾಟ್ಸಾಪ್‌ನಲ್ಲೂ ಇಟ್ಟುಕೊಳ್ಳಿ. ಇದರಲ್ಲಿ ಅನುಮಾನದ ಮಾತೇನು ಬಂತು? ನನ್ನಂಥ ಮರೆಗುಳಿಗಳಿರುವಾಗ ಇದು ಬೇಕೇ ಬೇಕು. ಮುಂದಿನ ಬಾಡಿಗೆಯವರಿಗೆ ನಾನೇ ಹೇಳಿ ತೆಗೆಸುತ್ತೇನೆ.

ಆದರೂ ಒಂದು ಮಾತು ಕೊರೆಯುತ್ತಲೇ ಇದೆ. ಎರಡು ವರ್ಷ, ತಿಂಗಳು ತಿಂಗಳೂ ಅವಳ ಕೈಯ ಕಾಫಿ ಕುಡಿದು ಬಂದ ನನಗೆ, ಅವಳ ಮಾತು ನಂಬಲು ವಿಡಿಯೋ ಬೇಕಾಯಿತೇ?