ಬೀಗ ಹಾಕಿದ ಮನೆಯನ್ನೂ ಕಾಯಪ್ಪ

ಪವಾಡ, ಪ್ರೇತ ಎಂದು ಮಾತೆತ್ತಿದವರನ್ನು ನಾನು ನಂಬುತ್ತಿರಲಿಲ್ಲ. ಮದ್ದೂರಿನಲ್ಲಿ ಹಳೇ ಪಂಪ್‌ಸೆಟ್ ಮೋಟಾರು ಕೊಂಡು, ರಿಪೇರಿ ಮಾಡಿಸಿ ಮಾರುವವನು ನಾನು. ಬರಿಗೈಯಲ್ಲಿ ಶುರುಮಾಡಿದ ವ್ಯಾಪಾರ. ಮಾರುವವನು ಎಷ್ಟೇ ಹೊಗಳಲಿ, ಬಿಚ್ಚಿ ನೋಡದೆ ರೇಟು ಮಾತಾಡುವುದಿಲ್ಲ. ನೀವೂ ಹಾಗೇ ಮಾಡಿ. ಆದರೆ ಕೆಲವು ವರ್ಷಗಳ ಹಿಂದಿನ ಒಂದು ಸಂಜೆಯನ್ನು ಎಷ್ಟು ಬಿಚ್ಚಿ ನೋಡಿದರೂ ನನಗೆ ಬಗೆಹರಿದಿಲ್ಲ.

ನಾನು ಹುಟ್ಟಿದ್ದು ಮಳವಳ್ಳಿಯ ಒಂದು ಬೀದಿಯಲ್ಲಿ. ಅಲ್ಲಿ ಕ್ರೈಸ್ತರೆಂದರೆ ನಾವೊಂದೇ ಮನೆ. ಸಂಜೆ ಜಪಸರ ಮುಗಿದ ಮೇಲೆ ಅಜ್ಜಿ ತನ್ನದೇ ಒಂದು ಬಾಲ ಸೇರಿಸುತ್ತಿದ್ದಳು. ಮೂಲೆಯಿಂದ ಹಿಡಿದು ಬೀದಿಯ ಒಂದೊಂದು ಮನೆಯನ್ನೂ ಹೆಸರಿಸಿ 'ಕಾಯಪ್ಪ' ಎನ್ನುವುದು. ನಮ್ಮ ಜೊತೆ ಜಗಳವಾಡುತ್ತಿದ್ದ ನಂಜಿಯ ಮನೆಯನ್ನೂ ಬಿಡುತ್ತಿರಲಿಲ್ಲ. ಆ ಹೆಸರನ್ನು ಕೊಂಚ ಗಟ್ಟಿಯಾಗಿ ಹೇಳುತ್ತಿದ್ದಳು, ಅಷ್ಟೆ. ಅಜ್ಜಿ ತೀರಿಕೊಂಡ ಮೇಲೆ ಅಪ್ಪನಿಗೆ ಶಿವನಸಮುದ್ರದ ಹತ್ತಿರದ ಬ್ಲಫ್‌ನ ವಿದ್ಯುತ್ ಕೇಂದ್ರದಲ್ಲಿ ಕೆಲಸ ಸಿಕ್ಕಿ, ಬೀದಿ ಬಿಟ್ಟೆವು. ಅವ್ವ ಅಲ್ಲಿ 'ನೆರೆಹೊರೆಯವರನ್ನೆಲ್ಲ ಕಾಯಪ್ಪ' ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು.

ಬ್ಲಫ್‌ನಲ್ಲಿ ಪಕ್ಕದ ಮನೆಯವರು ಕೆಂಪಮ್ಮ, ಶಿವನಸಮುದ್ರದ ಒಕ್ಕಲು ಮನೆಯ ಹೆಂಗಸು. ಮಳವಳ್ಳಿಯ ನಮ್ಮ ಬೀದಿಯನ್ನು ಕಂಡವರೇ ಅಲ್ಲ. ಅವ್ವ ಹಾಸಿಗೆ ಹಿಡಿದಾಗ ಅವರು ನೋಡಿಕೊಂಡ ಹಾಗೆ ಹೆತ್ತ ಮಗಳೂ ನೋಡಿಕೊಳ್ಳುತ್ತಿರಲಿಲ್ಲ. ಸಂಜೆ ತಮ್ಮ ದೇವರಿಗೆ ದೀಪ ಹಚ್ಚಿ, ನೇರ ಬಂದು ಅವ್ವನ ಕೈಗೆ ಜಪಸರ ಹಿಡಿಸುತ್ತಿದ್ದರು.

ಆ ಸಂಜೆ ಅವ್ವನಿಗೆ ಉಸಿರು ಎಳೆಯುತ್ತಿತ್ತು. ಇನ್ನು ಹೆಚ್ಚು ಹೊತ್ತಿಲ್ಲ ಎಂದು ನಮಗೆಲ್ಲ ತಿಳಿದಿತ್ತು. ಅವಳಿಗೋ ನೆಮ್ಮದಿಯಿಲ್ಲ, ಏನೋ ಬಾಕಿ ಉಳಿಸಿಕೊಂಡವಳ ತಳಮಳ.

"ನಿಮ್ಮಜ್ಜಿ ಏಳ್ತಿದ್ದ ಮನೆಗಳ್ನ ಏಳ್ಲಾ," ಅಂದಳು. "ನಂಗೆ ಮರ್ತೋಗದೆ. ಒಂದ್ನೂ ಬುಡ್ಬ್ಯಾಡ."

ಬಳೆ ಮಾದಮ್ಮನ ಮನೆ, ಕಲಾಯಿ ಸಾಬರ ಮನೆ ಎಂದೆ. ಮುಂದಕ್ಕೆ ನನಗೂ ಹೊಳೆಯಲಿಲ್ಲ. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಆಗ ಪಕ್ಕದಲ್ಲಿ ಕೂತಿದ್ದ ಕೆಂಪಮ್ಮ ಕಣ್ಣು ಮುಚ್ಚಿಕೊಂಡು ಮುಂದುವರಿಸಿದರು. ಗಾಣದ ಸಿದ್ದಣ್ಣನ ಮನೆ ಕಾಯಪ್ಪ, ಟೈಲರ್ ಮೊಮ್ಮದ್ ಸಾಬರ ಮನೆ ಕಾಯಪ್ಪ. ಅಜ್ಜಿಯದೇ ವರಸೆ. ನಂಜಿಯ ಮನೆ ಬಂದಾಗ ದನಿ ಕೊಂಚ ಗಟ್ಟಿಯಾಯಿತು.

"ಬೀಗ ಆಕಿರೋ ಮನೇನೂ ಕಾಯಪ್ಪ," ಎಂದು ನಿಲ್ಲಿಸಿದರು.

ಅಜ್ಜಿ ನಿಲ್ಲಿಸುತ್ತಿದ್ದುದೂ ಅಲ್ಲೇ. ಆ ಮಾತು ಕಿವಿಗೆ ಬಿದ್ದ ಮೇಲೇ ನನಗೆ ನೆನಪಾದದ್ದು. ಅವ್ವನ ಮುಖ ಸಡಿಲವಾಯಿತು. ನಿದ್ದೆ ಹೋದಳು, ಆ ನಿದ್ದೆಯಲ್ಲೇ ಹೊರಟುಹೋದಳು.

ಮಣ್ಣು ಮಾಡಿ ಬಂದ ಮೇಲೆ ಕೆಂಪಮ್ಮನನ್ನು ವ್ಯಾಪಾರದ ಬುದ್ಧಿಯಲ್ಲೇ ಸುತ್ತಿಬಳಸಿ ಕೇಳಿದೆ. ಆ ಹೆಸರುಗಳನ್ನು ಯಾರು ಹೇಳಿಕೊಟ್ಟಿದ್ದರು ಎಂದು.

"ನಾನೆಲ್ಲಪ್ಪ ಏಳ್ದೆ? ನಿಮ್ಮವ್ವ ಒಂದೊಂದೇ ಮನೆ ಏಳ್ತಿದ್ರು, ನಾನು ಕಾಯಪ್ಪ ಅಂತಿದ್ದೆ, ಅಷ್ಟೆಯ," ಅಂದರು.

ಅವ್ವನ ತುಟಿ ಅಲುಗಿರಲಿಲ್ಲ. ನಾನು ಅವಳನ್ನೇ ನೋಡುತ್ತಿದ್ದೆ. ಕೆಂಪಮ್ಮ ಸುಳ್ಳಾಡುವವರೂ ಅಲ್ಲ.

ಈಗ ಮದ್ದೂರಿನ ಮನೆಯಲ್ಲಿ ಜಪಸರದ ನಂತರ ಇಲ್ಲಿನ ಬೀದಿಯ ಮನೆಗಳನ್ನು ನಾನು ಹೇಳುತ್ತೇನೆ. ಊರು ಬೇರೆಯಾದರೂ ಕೆಂಪಮ್ಮನ ಮನೆ ಮೊದಲು. ನಿಮ್ಮ ದೇವರು ಯಾರೇ ಆಗಿರಲಿ, ನೀವೂ ಅಭ್ಯಾಸ ಮಾಡಿಕೊಳ್ಳಿ, ಖರ್ಚೇನಿಲ್ಲ. ಕೊನೆಗೆ ಬೀಗ ಹಾಕಿದ ಮನೆ. ಈ ಬೀದಿಯಲ್ಲಿ ಅಂಥದ್ದು ಒಂದೂ ಇಲ್ಲ. ಆದರೂ ಅದನ್ನು ಬಿಡಲು ನನಗೆ ಧೈರ್ಯ ಬಂದಿಲ್ಲ.